ದಾರದ ಹುರಿಯೂ ಗಾಳದ ಸಿಕ್ಕೂ

ಕೆರೆಯ ಏರಿಯ ಮೇಲೆ ಕುಳಿತು, ಬಿದಿರುಕೋಲಿಗೆ ದಾರ ಕಟ್ಟಿ, ದಾರಕ್ಕೊಂದು ಬೆಂಡು, ಬೆಂಡಿನ ಕೆಳಗೆ ಸೀಸದ ಗುಂಡು, ಎಲ್ಲಕ್ಕಿಂತ ಕೆಳಗೆ ಎರೆಹುಳು ಚುಚ್ಚಿದ ಗಾಳ ಎಂಬ ಅನುಕ್ರಮದಲ್ಲಿ ಮೀನು ಹಿಡಿಯುವವರನ್ನು ನಮ್ಮಲ್ಲಿ ಕಾಣದವರು ವಿರಳ. ಉತ್ತರ ಅಮೆರಿಕದ ಸರೋವರಗಳಲ್ಲಿ ಬ್ಯಾಸ್ ಎಂಬ ಮೀನನ್ನು ಅರಸಿ ಹೋಗುವವರಿಗೆ ಇಂದು ಬಹು ಪ್ರಿಯವಾಗಿರುವ ಪದ್ಧತಿಯೊಂದು ಈ ಅನುಕ್ರಮವನ್ನು ತಲೆಕೆಳಗು ಮಾಡಿದೆ. ಅದರಲ್ಲಿ ಗುಂಡು ದಾರದ ತುತ್ತತುದಿಗೆ. ಗಾಳವು ಅದಕ್ಕಿಂತ ಒಂದು ಗೇಣಿನಿಂದ ಒಂದು ಮೊಳದಷ್ಟು ಮೇಲೆ, ದಾರದ ನಡುವಿನಲ್ಲಿಯೇ. ಡ್ರಾಪ್ ಶಾಟ್ ಎಂದು ಇದರ ಹೆಸರು. ಗುಂಡು ತಳವನ್ನು ಮುಟ್ಟಿ ನಿಂತಾಗ ಎರೆಯು ಕೆಸರಿಗೂ ಪಾಚಿಗೂ ತಾಗದೆ, ಮೀನಿನ ಕಣ್ಣಿನ ಮಟ್ಟದಲ್ಲಿ, ಇದ್ದಲ್ಲಿಯೇ ಇದ್ದುಕೊಂಡು ಮೆಲ್ಲನೆ ಕಂಪಿಸುತ್ತದೆ. ಬೇಟೆಯನ್ನು ಬೆನ್ನಟ್ಟಲು ಮನಸ್ಸಿಲ್ಲದ ಮೀನಿಗೂ ಬಾಯಿ ತೆರೆಯುವಷ್ಟು ಆಸೆಯನ್ನು ಹುಟ್ಟಿಸುತ್ತದೆ.

ಬ್ಯಾಸ್ ಜಾತಿಯಲ್ಲಿ ಗಾಳಗಾರರಿಗೆ ಮುಖ್ಯವಾದವು ಹಿರಿಬಾಯಿಯದೂ ಕಿರುಬಾಯಿಯದೂ ಆದ ಎರಡು ಪ್ರಭೇದಗಳು. ಇವುಗಳ ಜನ್ಮಭೂಮಿ ಅಮೆರಿಕವೇ ಆದರೂ, ಡ್ರಾಪ್ ಶಾಟ್ ಈಗಿನ ರೂಪವನ್ನು ತಳೆದದ್ದು ಮಾತ್ರ ಜಪಾನಿನಲ್ಲಿ. 1925ರಲ್ಲಿ ಆಶಿ ಸರೋವರಕ್ಕೆ ತಂದು ಬಿಟ್ಟ ಹಿರಿಬಾಯಿ ಬ್ಯಾಸ್ ಕಾಲಕ್ರಮದಲ್ಲಿ ಆ ದೇಶದ ಅನೇಕ ಜಲಾಶಯಗಳಿಗೆ ಹರಡಿತು. ನೀರು ಸ್ವಲ್ಪ, ಗಾಳ ಹಾಕುವವರು ಬಹಳ ಎಂಬ ಸ್ಥಿತಿಯಲ್ಲಿ ಮೀನುಗಳು ಎಷ್ಟು ಶಂಕಾಶೀಲವಾದುವೆಂದರೆ, ಸದ್ದು ಮಾಡಿಕೊಂಡು ಬರುವ ದೊಡ್ಡ ಎರೆಗಳನ್ನು ಅವು ತಿರುಗಿಯೂ ನೋಡದಾದುವು. ಸಣ್ಣ ಗಾಳ, ತೆಳ್ಳನೆಯ ದಾರ, ನಿಶ್ಚಲವಾದ ಎರೆ ಎಂಬ ಈ ಸೂಕ್ಷ್ಮ ಪದ್ಧತಿಗೆ ಅಂಥ ನೀರೇ ಗುರುಕುಲವಾಯಿತು. 1990ರ ದಶಕದಲ್ಲಿ ಅದು ಸಾಗರವನ್ನು ದಾಟಿ ಕ್ಯಾಲಿಫೋರ್ನಿಯಕ್ಕೆ ಬಂದಿತು. 2021ರಲ್ಲಿ ಅಕಾಲದಲ್ಲಿ ತೀರಿಕೊಂಡ ಆರನ್ ಮಾರ್ಟೆನ್ಸ್‌ರಂಥ ಸ್ಪರ್ಧಾಳುಗಳಿಂದ ದೇಶವ್ಯಾಪಿಯಾಯಿತು. ಅತ್ತ ಜಪಾನು, ತನ್ನ ಸ್ಥಳೀಯ ಮತ್ಸ್ಯಗಳನ್ನು ನುಂಗಿಹಾಕುತ್ತಿರುವ ಈ ಅತಿಥಿಯನ್ನು 2005ರಲ್ಲಿ ಆಕ್ರಮಣಕಾರಿ ಪರದೇಶಿ ಜೀವಿಗಳ ಪಟ್ಟಿಗೆ ಸೇರಿಸಿ, ಅದನ್ನು ಸಾಕುವುದನ್ನೂ ಜೀವಸಹಿತ ಸಾಗಿಸುವುದನ್ನೂ ನಿಷೇಧಿಸಿತು. ವಿದ್ಯೆ ರಫ್ತಾದ ಮೇಲೆ ವಿದ್ಯೆಗೆ ಕಾರಣವಾದ ಮೀನು ಅಪರಾಧಿಯ ಸ್ಥಾನದಲ್ಲಿ ನಿಲ್ಲಬೇಕಾಯಿತು.

ಮಿಷಿಗನ್ ಮತ್ತು ಒಂಟಾರಿಯೊಗಳ ನಡುವಿನ ಸೇಂಟ್ ಕ್ಲೇರ್ ಸರೋವರದಲ್ಲಿಯೂ ಅದರ ನೆರೆಯ ಈರಿ ಸರೋವರದಲ್ಲಿಯೂ ಈ ಪದ್ಧತಿ ವಿಶೇಷವಾಗಿ ಫಲಿಸಿದುದಕ್ಕೆ ಒಂದು ಕಾರಣವುಂಟು. ಕಪ್ಪು ಸಮುದ್ರ, ಕಾಸ್ಪಿಯನ್ ಸಮುದ್ರಗಳ ಕಡೆಯ ಗೋಬಿ ಎಂಬ ತಳವಾಸಿಯಾದ ಕಿರುಮೀನು, ಹಡಗುಗಳ ತಳದಲ್ಲಿ ತುಂಬಿಸಿ ತರುವ ನೀರಿನೊಡನೆ ಬಂದು, 1990ರಲ್ಲಿ ಸೇಂಟ್ ಕ್ಲೇರ್ ನದಿಯಲ್ಲಿ ಮೊದಲು ಕಣ್ಣಿಗೆ ಬಿತ್ತು. ಕೆಲವೇ ವರ್ಷಗಳಲ್ಲಿ ಅದು ಕಿರುಬಾಯಿ ಬ್ಯಾಸಿನ ಮೃಷ್ಟಾನ್ನವೇ ಆಗಿಹೋಯಿತು. ತಳದಿಂದ ಒಂದು ಗೇಣು ಮೇಲೆ ಕದಲುವ ಮೆತ್ತನೆಯ ಪ್ಲಾಸ್ಟಿಕ್ ಎರೆ ಆ ಬ್ಯಾಸಿಗೆ ಗೋಬಿಯಂತೆಯೇ ಕಾಣುತ್ತದೆ. ನಮ್ಮ ಕನ್ನಡಿಗರಲ್ಲಿ ಡೆಟ್ರಾಯಿಟ್ ಸುತ್ತಮುತ್ತ ನೆಲೆಸಿರುವವರು, ರಾಜ್ಯದ ಪರವಾನಗಿಯನ್ನು ಪಡೆದ ಮೇಲೆ, ಬೇಸಗೆಯ ಬೆಳಗಿನಲ್ಲಿ ಇದನ್ನು ಪರೀಕ್ಷಿಸಿ ನೋಡಬಹುದು.

ಇದಕ್ಕೆ ಬೇಕಾದ ಸಲಕರಣೆ ಹಗುರವಾದದ್ದು. ಸುಮಾರು ಏಳಡಿಯ ಬಳುಕುವ ಕೋಲು, ಸ್ಪಿನ್ನಿಂಗ್ ರೀಲು, ರೀಲಿನ ಮೇಲೆ ನೂಲಿನಂತೆ ಹೆಣೆದ ಸಣ್ಣ ದಾರ. ಅದರ ತುದಿಗೆ, ಮೀನಿನ ಕಣ್ಣಿಗೆ ಸುಲಭವಾಗಿ ಬೀಳದ ಫ್ಲೋರೋಕಾರ್ಬನ್ ದಾರದ ತುಂಡು. ಈ ತುಂಡಿಗೇ ಲೀಡರ್ ಎನ್ನುವುದು. ಗುಂಡು ಐದರಿಂದ ಹತ್ತು ಗ್ರಾಂ ಇದ್ದರೆ ಸಾಮಾನ್ಯವಾಗಿ ಸಾಕು. ಗಾಳಿ ಬೀಸುವ ದಿನ, ನೀರು ಆಳವಾದೆಡೆ, ಅದಕ್ಕಿಂತ ಭಾರವಾದದ್ದು ಬೇಕಾದೀತು.

ಇನ್ನು ಗಂಟಿನ ವಿಚಾರ. ಪಾಲೊಮಾರ್ ಎಂಬ ಗಂಟೇ ಇಲ್ಲಿ ರೂಢಿ. ಲೀಡರಿನ ತುದಿಯಿಂದ ಮುಕ್ಕಾಲು ಮೀಟರಿನಷ್ಟು ಬಿಟ್ಟು ದಾರವನ್ನು ಮಡಿಸಿ, ಮಡಿಕೆಯ ಕುಣಿಕೆಯನ್ನು ಗಾಳದ ಕಣ್ಣಿನಲ್ಲಿ ತೂರಿಸಿ, ಜೋಡಿಯಾದ ಆ ದಾರದಿಂದಲೇ ಸಾಧಾರಣವಾದ ಒಂದು ಗಂಟನ್ನು ಸಡಿಲವಾಗಿ ಹಾಕಿ, ಮಿಕ್ಕ ಕುಣಿಕೆಯೊಳಗಿಂದ ಇಡೀ ಗಾಳವನ್ನು ದಾಟಿಸಿ, ಎಂಜಲಿನಿಂದ ಒದ್ದೆ ಮಾಡಿ, ಎರಡು ಎಳೆಗಳನ್ನೂ ಒಟ್ಟಿಗೆ ನಿಧಾನವಾಗಿ ಬಿಗಿಯತಕ್ಕದ್ದು. ಬಿಗಿದ ಮೇಲೆ ಉಳಿಯುವ ಉದ್ದನೆಯ ತುದಿಯನ್ನು ಕತ್ತರಿಸದೆ, ಗಾಳದ ಮೊನೆ ಇರುವ ಪಕ್ಕದಿಂದ ಅದನ್ನು ಮತ್ತೊಮ್ಮೆ ಕಣ್ಣಿನೊಳಗೆ ಇಳಿಸಿ ಕೆಳಕ್ಕೆ ಎಳೆದರೆ, ಜೋತುಬಿದ್ದಿದ್ದ ಗಾಳವು ಥಟ್ಟನೆ ಎದ್ದು, ದಾರಕ್ಕೆ ಅಡ್ಡಲಾಗಿ, ಮೊನೆಯನ್ನು ಮೇಲೆ ಮಾಡಿ ನಿಲ್ಲುತ್ತದೆ. ಹೀಗೆ ನಿಂತ ಗಾಳ ದಾರದಿಂದ ದೂರವಿರುತ್ತದೆ. ಜೋತುಬಿದ್ದ ಗಾಳವಾದರೋ ತನ್ನ ದಾರವನ್ನೇ ಹಿಡಿಯಲು ಹವಣಿಸುತ್ತಿರುತ್ತದೆ. ಜೋಡಿ ಎಳೆಗಳು ಗಂಟಿನೊಳಗೆ ಒಂದರ ಮೇಲೊಂದು ಹತ್ತದೆ ಸಮಾನಾಂತರವಾಗಿರಬೇಕು. ಇಲ್ಲವಾದರೆ ಬಿಗಿಯುವಾಗ ಒಂದು ಮತ್ತೊಂದನ್ನು ಕೊಯ್ಯುವುದು. ಗುಂಡನ್ನಂತೂ ಎಲ್ಲಕ್ಕೂ ಕೊನೆಯಲ್ಲಿ ಸೇರಿಸಬೇಕು. ಅವಸರಗಾರರು ಮೊದಲೇ ಕಟ್ಟಿಬಿಟ್ಟು, ಅದನ್ನೂ ಕುಣಿಕೆಯ ಒಳಕ್ಕೂ ಹೊರಕ್ಕೂ ಹಾಯಿಸಲು ಹೋಗಿ, ನೀರಿಗೆ ಇಳಿಸುವ ಮುನ್ನವೇ ಸಿಕ್ಕನ್ನು ಸೃಷ್ಟಿಸಿಕೊಳ್ಳುತ್ತಾರೆ.

ಆದರೆ ಲೀಡರು ಸಿಕ್ಕಾಗುವುದಕ್ಕೆ ಗಂಟು ಬಹಳ ಮಟ್ಟಿಗೆ ನಿರಪರಾಧಿ. ಸಿಕ್ಕು ಕಣ್ಣಿಗೆ ಕಾಣುವುದು ಗಾಳದ ಬಳಿ. ಅದು ಹುಟ್ಟುವುದು ಬೇರೆಡೆ, ಬಹುಶಃ ಒಂದು ಗಂಟೆಯ ಹಿಂದೆ, ದಾರದೊಳಗೆ ಹುರಿ ಸೇರಿದಾಗ. ಒಂದು ಮಾರು ದಾರವನ್ನು ತೆಗೆದುಕೊಂಡು, ಒಂದು ತುದಿಯನ್ನು ಬಾಗಿಲ ಚಿಲಕಕ್ಕೆ ಕಟ್ಟಿ, ಮತ್ತೊಂದನ್ನು ಬೆರಳುಗಳ ನಡುವೆ ಒಂದೇ ದಿಕ್ಕಿಗೆ ಹೊಸೆಯುತ್ತ ಹೋಗಿ ನೋಡಿ. ಬಿಗಿಯಾಗಿ ಹಿಡಿದಿರುವವರೆಗೆ ಯಾವ ವಿಕಾರವೂ ತೋರದು. ಕೈಯನ್ನು ಒಂದು ಗೇಣು ಮುಂದಕ್ಕೆ ತಂದು ಸಡಿಲಿಸಿದಿರೋ, ನಡುವೆ ಒಂದು ಕುಣಿಕೆ ತಾನಾಗಿಯೇ ಎದ್ದು, ತನ್ನನ್ನು ತಾನೇ ಸುತ್ತಿಕೊಂಡು ಬಾಲದಂತೆ ಬೆಳೆಯುತ್ತದೆ. ಡ್ರಾಪ್ ಶಾಟಿನಲ್ಲಿ ದಾರವನ್ನು ಬೇಕೆಂದೇ ಸಡಿಲ ಬಿಟ್ಟು ಎರೆಯನ್ನು ಕಂಪಿಸುವಂತೆ ಮಾಡುವುದರಿಂದ, ಅಡಗಿದ್ದ ಹುರಿಗೆ ಹೊರಬರಲು ಇದಕ್ಕಿಂತ ಒಳ್ಳೆಯ ಅವಕಾಶ ಬೇರೆ ಸಿಕ್ಕಲಾರದು.

ಈ ಹುರಿ ಒಳಹೋಗುವ ಮುಖ್ಯ ದ್ವಾರ ಎರೆಯೇ. ಹತ್ತು ಹನ್ನೆರಡು ಸೆಂಟಿಮೀಟರಿನ ಪ್ಲಾಸ್ಟಿಕ್ ಹುಳುವಿನ ಮೂಗಿನ ನಟ್ಟನಡುವೆ ಗಾಳದ ಮೊನೆಯನ್ನು ಹಾಯಿಸಿದರೆ ಅದು ನೇರವಾಗಿ ಹಿಂಬಾಲಿಸಿ ಬರುತ್ತದೆ. ಕೊಂಚ ಪಕ್ಕಕ್ಕೆ ಸರಿದರೂ, ವೇಗವಾಗಿ ಎಳೆದಾಗ ಗಿರಗಿರನೆ ತಿರುಗಿ, ಪ್ರತಿ ಸುತ್ತಿಗೂ ಒಂದೊಂದು ಹುರಿಯನ್ನು ದಾರಕ್ಕೆ ಏರಿಸುತ್ತದೆ. ಆದುದರಿಂದ ಎರೆ ಚುಚ್ಚಿದ ಮೇಲೆ ದೋಣಿಯ ಪಕ್ಕದಲ್ಲಿಯೇ ಒಂದೆರಡು ಅಡಿ ಎಳೆದು ನೋಡುವುದೂ, ಮರಳಿ ಸುತ್ತುವಾಗ ಆತುರಪಡದಿರುವುದೂ ಮೇಲು. ಇನ್ನೊಂದು ದ್ವಾರ ರೀಲಿನಲ್ಲಿದೆ. ದೊಡ್ಡ ಮೀನು ದಾರವನ್ನು ಎಳೆದುಕೊಂಡು ಓಡುತ್ತಿರುವಾಗ ಗಾಬರಿಯಿಂದ ಹಿಡಿಯನ್ನು ತಿರುಗಿಸುತ್ತಲೇ ಇದ್ದರೆ ದಾರ ಒಳಗೆ ಬಾರದು, ಹುರಿ ಮಾತ್ರ ಬರುವುದು. ಹಿಡಿಯ ಒಂದು ಸುತ್ತಿಗೆ ರೀಲಿನ ಚಕ್ರ ಆರು ಸುತ್ತು ತಿರುಗುವಂತಿದ್ದರೆ ಹುರಿಯೂ ಆರು. ಓಡುವ ಮೀನನ್ನು ಓಡಗೊಟ್ಟು, ನಿಂತ ಮೇಲೆ ಕೋಲನ್ನು ಎತ್ತಿ, ಇಳಿಸುತ್ತ ಸುತ್ತಿಕೊಳ್ಳುವುದೇ ವಿವೇಕ.

ಹುರಿಯನ್ನು ತಡೆಯಲು ಸ್ವಿವೆಲ್ ಎಂಬ ತಿರುಗುಕೊಂಡಿಯುಂಟು. ಗಾಳಕ್ಕಿಂತ ಅರ್ಧ ಮೀಟರಿನಷ್ಟು ಮೇಲೆ ಅತ್ಯಂತ ಚಿಕ್ಕದೊಂದನ್ನು ಸೇರಿಸಿದರೆ ಕೆಳಗಿನ ತಿರುಗಾಟದ ಬಹುಭಾಗ ಮೇಲಕ್ಕೆ ಏರದು. ಕೋಲಿನ ತುದಿಯ ಉಂಗುರದಲ್ಲಿ ಅದು ನುಸುಳಲಾರದಾದ್ದರಿಂದ ಲೀಡರನ್ನು ಬಹಳ ಉದ್ದ ಇಡುವಂತಿಲ್ಲವೆಂಬುದು ಅದರ ತೊಡಕು; ಗಾಳವೇ ತನ್ನ ಕಡ್ಡಿಯ ಸುತ್ತ ತಿರುಗುವಂತೆ ಮಾಡಿದ ಸಾಧನಗಳೂ ಈಗ ದೊರೆಯುತ್ತವೆ. ನನ್ನ ಮಟ್ಟಿಗೆ ಹೇಳುವುದಾದರೆ, ಎರೆಯನ್ನು ಸೊಟ್ಟಗೆ ಚುಚ್ಚಿ ಸ್ವಿವೆಲನ್ನು ನಂಬುವುದು ಸೋಮಾರಿತನ. ಹಗುರವಾದ ಎಳೆತದಲ್ಲಿ ಅದು ಅನೇಕ ವೇಳೆ ತಿರುಗುವುದೇ ಇಲ್ಲ.

ಹುರಿಯ ಸಂಬಂಧವಿಲ್ಲದ ಸಿಕ್ಕುಗಳೂ ಇವೆ. ಕೋಲನ್ನು ರಭಸದಿಂದ ಬೀಸಿದಾಗ ಮುಂದೆ ಗುಂಡು, ಹಿಂದೆ ಎರೆ, ನಡುವೆ ಸಡಿಲವಾದ ಲೀಡರು, ಹೀಗೆ ಗಾಳಿಯಲ್ಲಿ ಪಲ್ಟಿ ಹೊಡೆಯುತ್ತ ಹೋಗಿ ಗಾಳವು ದಾರವನ್ನೇ ಕಚ್ಚಿಕೊಳ್ಳುತ್ತದೆ. ಕೆಳಗಿನಿಂದ ಮೆಲ್ಲನೆ ತೂಗಿ ಎಸೆದು, ಗುಂಡು ನೀರಿಗೆ ಬೀಳುವ ಕ್ಷಣಕ್ಕೆ ಮುಂಚೆ ದಾರವನ್ನು ಬೆರಳಿನಿಂದ ಸ್ವಲ್ಪ ತಡೆದರೆ ಲೀಡರು ಚಾಚಿಕೊಂಡು ನೆಟ್ಟಗೆ ಇಳಿಯುತ್ತದೆ. ದೋಣಿಯಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವಾಗ ಗುಂಡನ್ನು ಜೋಲಾಡಲು ಬಿಟ್ಟರೆ ಅದು ಕೋಲನ್ನಷ್ಟೇ ಅಲ್ಲದೆ ಪಕ್ಕದ ಕೋಲುಗಳನ್ನೂ ಸುತ್ತಿ ಬಿಗಿಯುತ್ತದೆ. ಒಂದು ರಬ್ಬರ್ ಬ್ಯಾಂಡಿನಿಂದ ಅದನ್ನು ಕೋಲಿಗೆ ಕಟ್ಟಿಡುವುದು ಸಾಕಾದ ಉಪಾಯ.

ಇಷ್ಟಾದರೂ ಹುರಿ ಸೇರಿದ್ದರೆ, ಗಾಳ, ಗುಂಡು, ಸ್ವಿವೆಲ್ ಎಲ್ಲವನ್ನೂ ಕತ್ತರಿಸಿ ತೆಗೆದು, ಮೆಲ್ಲನೆ ಸಾಗುವ ದೋಣಿಯ ಹಿಂದೆ ಬರಿಯ ದಾರವನ್ನು ಉದ್ದಕ್ಕೆ ಬಿಟ್ಟು ಕೆಲವು ನಿಮಿಷ ಎಳೆದುಕೊಂಡು ಹೋಗಬೇಕು. ನೀರಿನ ಸೆಳೆತಕ್ಕೆ ಅದು ತನ್ನಷ್ಟಕ್ಕೆ ಬಿಚ್ಚಿಕೊಳ್ಳುತ್ತದೆ. ದೋಣಿಯಿಲ್ಲದವನಿಗೆ ಹರಿಯುವ ಹೊಳೆಯಾದರೂ ಆದೀತು.

ಗುಂಡಿನ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪ ಉಳಿದಿದೆ. ಈ ಪದ್ಧತಿಗೆಂದೇ ಮಾಡಿದ ಗುಂಡುಗಳ ನೆತ್ತಿಯಲ್ಲಿ ಮೇಲೆ ಹೋದಂತೆ ಕಿರಿದಾಗುವ ತಂತಿಯ ಕಣ್ಣಿರುತ್ತದೆ. ದಾರವನ್ನು ತೂರಿಸಿ ಆ ಸಂದಿಗೆ ಎಳೆದರೆ ಗಂಟಿಲ್ಲದೆಯೇ ಕಚ್ಚಿಕೊಳ್ಳುವುದು, ಕಲ್ಲಿನ ಸಂದಿಗೆ ಸಿಕ್ಕಿದಾಗ ಗುಂಡು ಮಾತ್ರ ಕಳಚಿ ಗಾಳ ಉಳಿಯುವುದು. ಹೀಗೆ ಕಳಚಿ ಬಿದ್ದ ಸೀಸವನ್ನು ಲೂನ್ ಎಂಬ ಮುಳುಗುಹಕ್ಕಿಗಳು ನುಂಗಿ ವಿಷವೇರಿ ಸಾಯುವುದರಿಂದ ನ್ಯೂ ಹ್ಯಾಂಪ್‌ಶೈರ್, ಮೇನ್, ಮ್ಯಾಸಚೂಸೆಟ್ಸ್ ರಾಜ್ಯಗಳು ಸಣ್ಣ ಸೀಸದ ಗುಂಡುಗಳಿಗೆ ನಿರ್ಬಂಧ ಹಾಕಿವೆ. ಅಲ್ಲಿ ಟಂಗ್‌ಸ್ಟನ್ ಗುಂಡಿನದೇ ಹೆಚ್ಚಿನ ಬಳಕೆ. ಬೆಲೆ ಸೀಸಕ್ಕಿಂತ ಬಹಳ ಹೆಚ್ಚು, ಗಾತ್ರ ಚಿಕ್ಕದು, ಮತ್ತು ತಳದ ಜಲ್ಲಿಗೂ ಮರಳಿಗೂ ಇರುವ ವ್ಯತ್ಯಾಸವನ್ನು ಅದು ದಾರದ ಮೂಲಕ ಬೆರಳಿಗೆ ಸೀಸಕ್ಕಿಂತ ಚೆನ್ನಾಗಿ ಮುಟ್ಟಿಸುತ್ತದೆ.