ದೋಣಿಯ ಜೀರ್ಣೋದ್ಧಾರ

ಕನ್ನಡ ಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಅಪರಿಚಿತವಲ್ಲ. ದೇವಾಲಯಕ್ಕೋ ಬಸದಿಗೋ ಭೂಮಿಯನ್ನು ದತ್ತಿ ಬಿಡುವಾಗ, ಪೂಜೆ ನೈವೇದ್ಯಗಳ ಜೊತೆಗೆ ಈ ಕಾರ್ಯವನ್ನೂ ದಾನಿಗಳು ಮರೆಯದೆ ನಮೂದಿಸುತ್ತಿದ್ದರು. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರುಕು ಬಿಟ್ಟದ್ದು, ಜೀರ್ಣವೆಂದರೆ ಸವೆದು ಶಿಥಿಲವಾದದ್ದು. ತರಗತಿಯಲ್ಲಿ ಈ ಸಮಾಸವನ್ನು ಎಷ್ಟು ಸಲ ಬಿಡಿಸಿ ಹೇಳಿದ್ದೇನೋ ಲೆಕ್ಕವಿಲ್ಲ. ಆದರೆ ಇವು ಮೂರು ಬೇರೆ ಬೇರೆ ರೋಗಗಳು, ಇವುಗಳ ಚಿಕಿತ್ಸೆಯೂ ಬೇರೆ ಬೇರೆ ಎಂಬುದು ನನಗೆ ಮನದಟ್ಟಾದದ್ದು ಗಂಗೊಳ್ಳಿಯ ತೆಂಗಿನ ತೋಟದಲ್ಲಿ ಬೋರಲಾಗಿ ಮಲಗಿದ್ದ ಹಳೆಯ ಫೈಬರ್ ದೋಣಿಯೊಂದರ ಮುಂದೆ.

ನಾನು ವಾಸಿಸುವ ಗಂಗಾನಗರದ ಹೆಸರಿನಲ್ಲಿ ಗಂಗೆಯಿದ್ದರೂ ಊರಿನಲ್ಲಿ ನದಿಯಿಲ್ಲ. ಜಲರಾಶಿಯನ್ನು ನೋಡಬೇಕೆಂದರೆ ಹೆಬ್ಬಾಳದ ಕೆರೆಯವರೆಗೆ ಹೋಗಿ ತೃಪ್ತಿಪಡಬೇಕು. ಇಂತಹ ಬಡಾವಣೆಯ ಕನ್ನಡ ಅಧ್ಯಾಪಕನ ಬಳಿಗೆ ದೋಣಿಯ ಪ್ರಶ್ನೆ ಬಂದದ್ದು ಹಳೆಯ ವಿದ್ಯಾರ್ಥಿಯೊಬ್ಬನ ಮೂಲಕ. ಗಂಗೊಳ್ಳಿಯ ನಾಡದೋಣಿ ಮೀನುಗಾರರ ಮನೆಯವನು. ಓದು ಮುಗಿಸಿ, ಉದ್ಯೋಗ ಹಿಡಿದು, ನಮ್ಮ ಮನೆಯಿಂದ ಎರಡು ಬೀದಿಯಾಚೆ ಕೊಠಡಿ ಮಾಡಿಕೊಂಡಿದ್ದಾನೆ. ಇಪ್ಪತ್ತು ವರ್ಷ ದುಡಿದ ತಂದೆಯ ದೋಣಿ ಎರಡು ವರ್ಷದಿಂದ ದಡ ಸೇರಿತ್ತು. “ಸರ್, ಅಪ್ಪಯ್ಯ ಅದನ್ನೇ ದುರಸ್ತಿ ಮಾಡಿಸಬೇಕು ಎನ್ನುತ್ತಾರೆ. ದುಡ್ಡು ಹೇಗೋ ಹೊಂದಿಸಬಹುದು. ಆದರೆ ನಾನು ದುಡ್ಡು ಕಳಿಸಿದ ದೋಣಿಯಲ್ಲಿ ಅವರು ಕಡಲಿಗೆ ಹೋದಾಗ ಏನಾದರೂ ಆದರೆ?” ಎಂದ. ಈ ಪ್ರಶ್ನೆಗೆ ನನ್ನ ಶಾಸ್ತ್ರದಲ್ಲಿ ಉತ್ತರವಿರಲಿಲ್ಲ. ಬೇಸಿಗೆಯ ರಜೆ ಹತ್ತಿರವಿದ್ದುದರಿಂದ ಅವನೊಡನೆ ನಾನೂ ಹೊರಟೆ.

ನಮ್ಮ ಸಾಹಿತ್ಯಕ್ಕೆ ದೋಣಿ ಹೊಸತಲ್ಲ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಚೌಡಯ್ಯ ಅಂಬಿಗನೇ ಆಗಿದ್ದ. ದಾಸರು ಮನುಷ್ಯದೇಹವನ್ನು ತೂತುಬಿದ್ದ ಹರಿಗೋಲಿಗೆ ಹೋಲಿಸಿದರು. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಗಿದ್ದು ಹೊರಗೆ ತೊಗಲು ಹೊದಿಸಿದ ಹರಿಗೋಲುಗಳಲ್ಲಿ ಜನರೂ ಕುದುರೆಗಳೂ ಹೊಳೆ ದಾಟುತ್ತಿದ್ದುದನ್ನು ವರ್ಣಿಸಿದ್ದಾನೆ. ಅಂತಹ ಹರಿಗೋಲಿನ ಮರ್ಮ ಸರಳವಾದುದು. ಒಳಗಿನದು ಅಸ್ಥಿ, ಹೊರಗಿನದು ಚರ್ಮ. ಚರ್ಮ ಹರಿದರೆ ನೀರು ಒಳನುಗ್ಗಿ ಒಡನೆಯೇ ತಿಳಿಸುತ್ತದೆ. ಹೊಸ ಚರ್ಮ ಹೊದಿಸಿದರಾಯಿತು. ಕರಾವಳಿಯ ಮರದ ದೋಣಿಯೂ ತನ್ನ ಕಾಯಿಲೆಯನ್ನು ಮುಚ್ಚಿಡುತ್ತಿರಲಿಲ್ಲ. ಮಾವು, ಹೆಬ್ಬಲಸಿನ ಹಲಗೆಗಳಿಗೆ ವರ್ಷವರ್ಷವೂ ಎಣ್ಣೆ ಬಳಿದು, ಸಂದುಗಳನ್ನು ತುಂಬಿ, ಕೆಟ್ಟ ಹಲಗೆಯನ್ನು ಕಿತ್ತು ಹೊಸದನ್ನು ಕೂಡಿಸುತ್ತಿದ್ದರು. ಜೀರ್ಣೋದ್ಧಾರ ಅಲ್ಲಿ ವಾರ್ಷಿಕ ವ್ರತವಾಗಿತ್ತು. ಮಾಡಬೇಕೋ ಬೇಡವೋ ಎಂಬ ಜಿಜ್ಞಾಸೆಗೆ ಎಡೆಯಿರಲಿಲ್ಲ.

ಫೈಬರ್ ದೋಣಿಯ ಜಾತಿಯೇ ಬೇರೆ. ಗಾಜನ್ನು ಕೂದಲಿಗಿಂತ ನವುರಾದ ಎಳೆಗಳಾಗಿ ತೆಗೆದು, ಆ ಎಳೆಗಳ ಹಾಸನ್ನು ಅಚ್ಚಿನೊಳಗೆ ಪದರಪದರವಾಗಿ ಹರಡಿ, ರೆಸಿನ್ ಎಂಬ ಕೃತಕ ರಾಳದಲ್ಲಿ ತೋಯಿಸಿ ಗಟ್ಟಿಗೊಳಿಸಿದರೆ ದೋಣಿಯ ಒಡಲು ಸಿದ್ಧ. ಅಮೆರಿಕದ ಓಹಾಯೋ ಪ್ರಾಂತದ ರೇ ಗ್ರೀನ್ ಎಂಬಾತ 1942ರಲ್ಲಿ ಹೀಗೊಂದು ಪುಟ್ಟ ಹಾಯಿದೋಣಿಯನ್ನು ಮಾಡಿದನೆಂದು ಹೇಳುತ್ತಾರೆ. ಎರಡನೆಯ ಮಹಾಯುದ್ಧದ ತರುವಾಯ ಈ ವಿದ್ಯೆ ಲೋಕವನ್ನೆಲ್ಲ ವ್ಯಾಪಿಸಿತು. ಹುಳು ಹಿಡಿಯದು, ತುಕ್ಕು ತಿನ್ನದು, ಎತ್ತಲು ಹಗುರ ಎಂಬ ಗುಣಗಳನ್ನು ಕಂಡು ನಮ್ಮ ಕರಾವಳಿಯವರೂ ಅದನ್ನು ಒಲಿದರು. ಆದರೆ ಒಂದು ವಿಪರ್ಯಾಸವಿದೆ. ಎಂಜಿನ್ನನ್ನು ತೂಗುಹಾಕುವ ಹಿಂಬದಿಯ ಗೋಡೆಗೂ ತಳದ ಉದ್ದನೆಯ ತೊಲೆಗಳಿಗೂ ಬಲ ಬರಲೆಂದು ಅನೇಕ ದೋಣಿಗಳಲ್ಲಿ ಫೈಬರಿನ ಒಳಗೆ ಮರವನ್ನೋ ಪ್ಲೈವುಡ್ಡನ್ನೋ ಹುದುಗಿಸಿರುತ್ತಾರೆ. ಹರಿಗೋಲಿನಲ್ಲಿ ಚರ್ಮ ಕೆಟ್ಟು ಅಸ್ಥಿ ಉಳಿಯುತ್ತಿತ್ತು. ಇಲ್ಲಿ ಚರ್ಮ ಹೊಳೆಯುತ್ತಿರುವಾಗಲೇ ಒಳಗೆ ಅಸ್ಥಿ ಕೊಳೆಯುತ್ತದೆ.

ದೋಣಿಯನ್ನು ಪರೀಕ್ಷಿಸಲು ಬಂದವರು ಅರುವತ್ತರ ಸಮೀಪದ ಹಿರಿಯರು. ಮರದ ಕೆಲಸದಿಂದ ಆರಂಭಿಸಿ ಫೈಬರಿಗೆ ಬಂದವರು. ದೋಣಿಯನ್ನು ಒಂದು ಸುತ್ತು ಬಂದು, “ಹೊರ್ಗೆ ಕಾಂಬುಕೆ ಲಾಯ್ಕ್ ಇತ್ತ್, ಒಳ್ಗೆ ಕಾಣ್ಕ್” ಎಂದರು. ನನ್ನ ಕಣ್ಣಿಗೆ ಭೀಕರವಾಗಿ ಕಂಡದ್ದು ಮುಂಭಾಗದಲ್ಲಿ ಅಂಗೈಯಗಲ ಒಡೆದಿದ್ದ ಜಾಗ. ಅದನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಒಡೆದ ಅಂಚನ್ನು ಸುತ್ತಲೂ ಇಳಿಜಾರಾಗಿ ಉಜ್ಜಬೇಕು. ಇಳಿಜಾರು ಒಡಲಿನ ದಪ್ಪದ ಹನ್ನೆರಡು ಪಟ್ಟಿನಷ್ಟು, ಎಂದರೆ 6 ಮಿಲಿಮೀಟರ್ ದಪ್ಪವಿದ್ದರೆ 72 ಮಿಲಿಮೀಟರ್ ಅಗಲ ಇರಬೇಕು. ಅದರ ಮೇಲೆ ಹೊಸ ಪದರಗಳನ್ನು ಕೂರಿಸಿದರೆ ಗಾಯ ಮಾಯುತ್ತದೆ. ಇದು ಖಂಡ.

ಅಲ್ಲಲ್ಲಿ ಜೇಡರ ಬಲೆಯಂತೆ ಹರಡಿದ ಸಣ್ಣ ಗೆರೆಗಳಿದ್ದವು. ಒಂದೇ ಬಿಂದುವಿನಿಂದ ನಕ್ಷತ್ರದಂತೆ ಚಿಮ್ಮಿದ ಗೆರೆಗಳು ಎಂದೋ ಬಿದ್ದ ಪೆಟ್ಟಿನ ಗುರುತು; ಸಾಮಾನ್ಯವಾಗಿ ಅವು ಮೇಲ್ಲೇಪಕ್ಕೆ ಸೀಮಿತ. ಸಾಲಾಗಿ ಒತ್ತೊತ್ತಾಗಿ ಓಡುವ ಗೆರೆಗಳು ಕಂಡರೆ ಮಾತ್ರ ಆ ಭಾಗ ಅಲೆಯ ಹೊಡೆತಕ್ಕೆ ಬಾಗುತ್ತಿದೆ, ಒಳಗಿನ ಆಧಾರ ಸೋತಿದೆ ಎಂದು ಶಂಕಿಸಬೇಕು. ತಳದಲ್ಲಿ ಎರಡು ಮೂರು ಬೊಕ್ಕೆಗಳಿದ್ದವು. ಒಂದನ್ನು ಚುಚ್ಚಿದಾಗ ಹುಳಿ ವಾಸನೆಯ ದ್ರವ ಒಸರಿತು. ಫೈಬರಿನೊಳಗೆ ನೀರು ಮೆಲ್ಲನೆ ಇಳಿದುದರ ಸಾಕ್ಷಿ. ಬೊಕ್ಕೆಗಳು ವಿರಳವಾಗಿದ್ದರೆ ಕೆರೆದು, ಒಣಗಿಸಿ, ಮುಚ್ಚಬಹುದು. ಇದು ಸ್ಫುಟಿತ.

ಆ ಮೇಲೆ ಅವರು ಸಣ್ಣ ಸುತ್ತಿಗೆಯಿಂದ ಒಡಲನ್ನೆಲ್ಲ ತಟ್ಟುತ್ತ ಬಂದರು. ತಟ್ಟಿದೆಡೆಯೆಲ್ಲ ‘ಟಣ್’ ಎಂಬ ಗಟ್ಟಿ ನಾದ. ಹಿಂಬದಿಯ ಗೋಡೆಗೆ ಬಂದಾಗ ಸ್ವರ ಬದಲಾಯಿತು. ‘ದಬ್’ ಎಂದು ಒದ್ದೆ ಮಡಿಕೆಯ ಸದ್ದು. ಎಂಜಿನ್ ಬಿಗಿದಿದ್ದ ಬೋಲ್ಟಿನ ತೂತಿನ ಪಕ್ಕದಲ್ಲಿ ಬೈರಿಗೆಯಿಂದ ಸಣ್ಣ ರಂಧ್ರ ಕೊರೆದರು. ಒಣಮರವಾಗಿದ್ದರೆ ಬಿಳಿಯ ಹುಡಿ ಉದುರಬೇಕಿತ್ತು. ಕಪ್ಪಗೆ, ಜಿಬ್ಬು ಜಿಬ್ಬಾಗಿ, ನೆನೆದ ಹೊಗೆಸೊಪ್ಪಿನಂತಹ ಪದಾರ್ಥ ಹೊರಬಂತು. ಬೋಲ್ಟಿನ ಸಂದಿನಿಂದ ಹನಿಹನಿಯಾಗಿ ಇಳಿದ ನೀರು ವರ್ಷಗಟ್ಟಲೆ ಮರವನ್ನು ತಿಂದಿತ್ತು. ‘ಜೀರ್ಣ’ ಎಂಬ ಶಬ್ದಕ್ಕೆ ‘ಅರಗಿದ್ದು’ ಎಂಬ ಅರ್ಥವೂ ಇದೆಯಷ್ಟೆ. ಅಲೆಯ ನಡುವೆ ಈ ಗೋಡೆ ಬಿಟ್ಟುಕೊಟ್ಟರೆ ಎಂಜಿನ್ ಕಡಲಿನ ಪಾಲು, ದೋಣಿಯಲ್ಲಿದ್ದವರ ಗತಿ ದೇವರಿಗೇ ಗೊತ್ತು. ನನ್ನ ವಿದ್ಯಾರ್ಥಿಯ ಮುಖ ಬಾಡಿತು.

ಹಾಗಾದರೆ ಇದನ್ನು ಉದ್ಧರಿಸುವುದು ಸಾರ್ಥಕವೇ? ಹಿರಿಯರ ಲೆಕ್ಕಾಚಾರ ಸ್ಪಷ್ಟವಾಗಿತ್ತು. ತಳವೂ ತೊಲೆಗಳೂ ಗಟ್ಟಿಯಿದ್ದು ಹಿಂಬದಿಯ ಗೋಡೆಯೊಂದೇ ಕೆಟ್ಟಿದ್ದರೆ ಅದನ್ನು ಕತ್ತರಿಸಿ ಹೊಸ ಹಲಗೆ ಕೂರಿಸಬಹುದು. ತೊಲೆಗಳೂ ಕೆಟ್ಟು, ನೀರು ಕುಡಿದು ದೋಣಿಯ ತೂಕವೂ ಏರಿದ್ದರೆ ದುರಸ್ತಿಯ ವೆಚ್ಚ ಹೊಸ ದೋಣಿಯ ಬೆಲೆಯ ಹತ್ತಿರ ಹೋಗುತ್ತದೆ. ಆಗ ಮಮತೆಯನ್ನು ಬಿಡುವುದೇ ಲೇಸು. ಈ ದೋಣಿಯ ತೊಲೆಗಳು ಟಣ್ಣೆಂದಿದ್ದವು. ಕೆಲಸಕ್ಕೆ ಕೈಹಾಕುವುದಾದರೆ ಮಳೆಗೆ ಮುಂಚೆಯೇ ಆಗಬೇಕು, ಮರವೂ ಫೈಬರೂ ಚೆನ್ನಾಗಿ ಒಣಗದೆ ರೆಸಿನ್ ಹಿಡಿಯುವುದಿಲ್ಲ ಎಂದರು. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳಿಗೆ ನಿಷೇಧವಿದ್ದು, ಆ ಎರಡು ತಿಂಗಳು ನಾಡದೋಣಿಯವರ ಸುಗ್ಗಿ. ತಂದೆಯ ಆತುರಕ್ಕೆ ಕಾರಣ ಅದೇ.

ಬಿಟ್ಟುಬಿಡುವುದು ಸುಲಭವೆಂದು ಭಾವಿಸುವವರೂ ಒಂದು ಮಾತನ್ನು ಯೋಚಿಸಬೇಕು. ಮರದ ದೋಣಿ ಸತ್ತರೆ ಮಣ್ಣಾಗುತ್ತದೆ, ಇಲ್ಲವೆ ಒಲೆಗೆ ಸೌದೆಯಾಗುತ್ತದೆ. ಫೈಬರನ್ನು ಕರಗಿಸಿ ಮತ್ತೆ ಎರಕ ಹೊಯ್ಯಲು ಬಾರದು. ಸುಟ್ಟರೆ ವಿಷದ ಹೊಗೆ. ಬಿಸಾಡಿದರೆ ಪುಡಿಯಾಗಿ ನೀರನ್ನೇ ಸೇರುತ್ತದೆ. ಫ್ರಾನ್ಸ್ ದೇಶ ಹಳೆಯ ವಿಹಾರದೋಣಿಗಳನ್ನು ಕಳಚಿ ವಿಲೇವಾರಿ ಮಾಡಲು 2019ರಿಂದ ಪ್ರತ್ಯೇಕ ವ್ಯವಸ್ಥೆಯನ್ನೇ ನಡೆಸುತ್ತಿದೆ. ಅಂತಹ ಅನುಕೂಲ ಕಾಣದ ನಮ್ಮ ದಡಗಳಲ್ಲಿ ಸತ್ತ ದೋಣಿ ಶವಸಂಸ್ಕಾರವಿಲ್ಲದೆ ಬಿದ್ದಿರುತ್ತದೆ.

ಕೊನೆಗೆ ತೀರ್ಮಾನ ಬಂದದ್ದು ತಂದೆಯ ಬಾಯಿಂದ. ಅಷ್ಟು ಹೊತ್ತೂ ಮೌನವಾಗಿದ್ದ ಅವರು ಮಗನ ಮುಖವನ್ನೊಮ್ಮೆ ನೋಡಿ, “ಕಡ್ಲಿಗೆ ಹೋತಿಲ್ಲೆ ಮಾಷ್ಟ್ರೇ, ಹೊಳೆಯಂಗೇ ಸಾಕ್” ಎಂದು ನನಗೆ ಹೇಳಿದರು. ಸೌಪರ್ಣಿಕಾ, ವಾರಾಹಿ ಮೊದಲಾದ ಐದು ಹೊಳೆಗಳು ಕೂಡುವ ಪಂಚಗಂಗಾವಳಿಯ ಅಳಿವೆ ಅವರ ಮನೆಯ ಮುಂದೆಯೇ ಇದೆ. ಹಿಂಬದಿಯ ಗೋಡೆಯನ್ನು ಹೊಸದಾಗಿ ಕಟ್ಟಿಸಿ, ಎಂಜಿನ್ನು ಚಿಕ್ಕದನ್ನು ಹಾಕಿ, ಹೊಳೆಯಲ್ಲಿ ಬಲೆ ಬೀಸುವುದೆಂದು ಗೊತ್ತಾಯಿತು. ಸುಗ್ಗಿಯ ಸಂಪಾದನೆಯನ್ನು ಅವರು ಕೈಬಿಟ್ಟರು. ಮಗ ಹಣ ಕೊಡಲು ಒಪ್ಪಿದ.

ಹಳೆಯದನ್ನು ಉದ್ಧರಿಸುವಾಗ ‘ಇದು ಮೊದಲಿನಂತಾದೀತೆ’ ಎಂದು ಕೇಳುವುದು ನಮ್ಮ ವಾಡಿಕೆ. ‘ಇನ್ನು ಮುಂದೆ ಯಾವ ನೀರಿಗೆ, ಯಾರ ಕೈಗೆ’ ಎಂದು ಕೇಳುವುದು ಹೆಚ್ಚು ವಿವೇಕ. ಶಾಸನಗಳ ದಾನಿಗಳು ಇದನ್ನು ಬಲ್ಲವರಾಗಿದ್ದರು. ಒಮ್ಮೆ ದುರಸ್ತಿ ಮಾಡಿಸಿ ಕೈತೊಳೆದುಕೊಳ್ಳದೆ, ವರ್ಷವರ್ಷವೂ ಬೆಳೆ ಕೊಡುವ ಭೂಮಿಯನ್ನು ಆ ಕಾರ್ಯಕ್ಕೆಂದು ಬರೆದುಕೊಟ್ಟರು. ಪ್ರತಿವರ್ಷ ದೋಣಿಯನ್ನು ಮಗುಚಿ ಹಾಕಿ, ತಟ್ಟಿ ನೋಡಿ, ಬೋಲ್ಟಿನ ಸಂದುಗಳನ್ನು ಮುಚ್ಚುವ ಕೈಯೊಂದು ಇದೆಯೆಂದಾದರೆ ಹಳೆಯ ದೋಣಿಗೆ ಹಣ ಹಾಕಬಹುದು. ಆ ಕೈ ಇಲ್ಲದಿದ್ದರೆ ಹೊಚ್ಚಹೊಸ ದೋಣಿಯೂ ಒಳಗೊಳಗೇ ಜೀರ್ಣವಾಗಲು ತೊಡಗುತ್ತದೆ.