ಹದಿನೈದು ನಿಮಿಷದ ಪಕ್ಷಿ ಗಣತಿ: ಹೊಲದ ಬದುವಿನಲ್ಲೊಂದು ವಿಜ್ಞಾನ ಪಾಠ

ಎಂಟನೆಯ ತರಗತಿಯಲ್ಲಿ ಸಸ್ಯ ಮತ್ತು ಪ್ರಾಣಿಗಳ ಸಂರಕ್ಷಣೆಯ ಪಾಠ ಮಾಡುವಾಗ ನಾವು ಸಾಮಾನ್ಯವಾಗಿ ಹೇಳುವುದು ಹುಲಿ, ಅಭಯಾರಣ್ಯ, ಮಧ್ಯಪ್ರದೇಶದ ಪಚ್‌ಮಢಿ. ಆಳಂದ ತಾಲ್ಲೂಕಿನ ಜಿಡಗಾ ಸುತ್ತಲಿನ ಮಕ್ಕಳಿಗೆ ಇವೆಲ್ಲ ಚಿತ್ರದಲ್ಲಷ್ಟೇ ಕಾಣುವ ಸಂಗತಿಗಳು. ಇಲ್ಲಿ ದಟ್ಟ ಕಾಡಿಲ್ಲ. ಇರುವುದು ಕಪ್ಪು ಮಣ್ಣಿನ ತೊಗರಿ, ಕಡಲೆ, ಜೋಳದ ಹೊಲ, ಬದುವಿನ ಜಾಲಿ ಮತ್ತು ಬೇವು, ಕರೆಂಟಿನ ತಂತಿ. ‘ಸಂರಕ್ಷಣೆ ಎಂದರೆ ಬೇರೆ ಊರಿನ ಕೆಲಸ’ ಎಂಬ ಭಾವನೆ ಮಕ್ಕಳಲ್ಲಿ ಉಳಿದುಬಿಟ್ಟರೆ ಪಾಠ ಮುಗಿದರೂ ಕಲಿಕೆ ಆಗಿರುವುದಿಲ್ಲ. ಬೋಧನಾಭ್ಯಾಸದ ಅವಧಿಯಲ್ಲಿ ಇದೇ ಪಾಠಕ್ಕೆ ನಾನು ಬಳಸಿದ ಚಟುವಟಿಕೆ ಪಕ್ಷಿ ಗಣತಿ. ಅದನ್ನು ಹೇಗೆ ಮಾಡಬೇಕು, ಏಕೆ ಹಾಗೆಯೇ ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಗಣತಿ ಎಂದರೇನು?

ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಗಣತಿ 1998ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. 2013ರಿಂದ ಭಾರತದವರೂ ಇದರಲ್ಲಿ ಭಾಗವಹಿಸುತ್ತಿದ್ದಾರೆ. ಪ್ರತಿ ವರ್ಷ ಫೆಬ್ರವರಿ ಮಧ್ಯದಲ್ಲಿ ನಾಲ್ಕು ದಿನ, ಶುಕ್ರವಾರದಿಂದ ಸೋಮವಾರದವರೆಗೆ ನಡೆಯುತ್ತದೆ. ಶಾಲೆ, ಕಾಲೇಜುಗಳ ಆವರಣದಲ್ಲಿ ಮಾಡುವ ಎಣಿಕೆಗೆ ಕ್ಯಾಂಪಸ್ ಬರ್ಡ್ ಕೌಂಟ್ ಎಂಬ ಹೆಸರಿದೆ. ಕನಿಷ್ಠ ಹದಿನೈದು ನಿಮಿಷ ಒಂದು ಜಾಗದಲ್ಲಿ ನಿಂತು ಅಥವಾ ನಡೆಯುತ್ತ, ಕಂಡ ಹಾಗೂ ಕೇಳಿದ ಹಕ್ಕಿಗಳನ್ನು ಎಣಿಸಿ ಇ-ಬರ್ಡ್ ಎಂಬ ಜಾಲತಾಣದಲ್ಲಿ ದಾಖಲಿಸಬೇಕು. ಶುಲ್ಕವಿಲ್ಲ. ದುರ್ಬೀನು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ನೀರುಹಕ್ಕಿಗಳಿಗೆ 1987ರಿಂದ ಜನವರಿಯಲ್ಲಿ ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್ ಪ್ರತ್ಯೇಕವಾಗಿ ನಡೆಯುತ್ತಿದೆ. ನಮ್ಮ ತಾಲ್ಲೂಕಿನ ಅಮರ್ಜಾ ಜಲಾಶಯದ ದಂಡೆಯಂತಹ ಜಾಗಕ್ಕೆ ಅದು ಹೊಂದುತ್ತದೆ.

ಫೆಬ್ರವರಿ ನಮಗೆ ಅನುಕೂಲದ ತಿಂಗಳು. ತೊಗರಿ ರಾಶಿ ಮುಗಿದಿರುತ್ತದೆ, ಬಿಳಿಜೋಳ ತೆನೆ ಹೊತ್ತು ನಿಂತಿರುತ್ತದೆ, ಚಳಿಗಾಲದ ವಲಸೆ ಹಕ್ಕಿಗಳು ಇನ್ನೂ ಮರಳಿ ಹೋಗಿರುವುದಿಲ್ಲ. ಮುಂಜಾನೆ ಏಳರ ಹೊತ್ತಿಗೆ ಬಿಸಿಲೂ ಏರಿರುವುದಿಲ್ಲ.

ಗುರುತಿಸುವ ಕ್ರಮ

ಮಕ್ಕಳಿಗೆ ಮೊದಲೇ ಹೆಸರುಗಳ ಪಟ್ಟಿ ಕೊಡಬಾರದು. ಕೊಟ್ಟರೆ ಅದರಲ್ಲಿರುವುದನ್ನೇ ಹುಡುಕುತ್ತಾರೆ. ಬದಲಿಗೆ ನಾಲ್ಕು ಪ್ರಶ್ನೆ ಕೊಡಬೇಕು: ಗಾತ್ರ ಎಷ್ಟು? ಬಣ್ಣ ಎಲ್ಲೆಲ್ಲಿದೆ? ಏನು ಮಾಡುತ್ತಿದೆ? ಎಲ್ಲಿ ಕುಳಿತಿದೆ? ಗಾತ್ರಕ್ಕೆ ಗುಬ್ಬಿ, ಗೊರವಂಕ, ಕಾಗೆ ಎಂಬ ಮೂರು ಅಳತೆ ಸಾಕು. ‘ಗೊರವಂಕಕ್ಕಿಂತ ಸ್ವಲ್ಪ ದೊಡ್ಡದು, ತಂತಿಯ ಮೇಲೆ ಸುಮ್ಮನೆ ಕೂತಿದೆ, ಹಾರಿದಾಗ ರೆಕ್ಕೆ ಹೊಳೆಯುವ ನೀಲಿ’ ಎಂದು ಮಗು ಹೇಳಿದರೆ ಅದು ನೀಲಕಂಠ. ಹೆಸರು ಗೊತ್ತಾಗದಿದ್ದರೆ ವಿವರಣೆಯನ್ನಷ್ಟೇ ಬರೆದುಕೊಳ್ಳಲಿ. ಊಹಿಸಿ ಹೆಸರು ಬರೆಯುವುದಕ್ಕಿಂತ ‘ಗೊತ್ತಾಗಲಿಲ್ಲ’ ಎಂದು ಬರೆಯುವುದೇ ವಿಜ್ಞಾನ.

ಐದು ಮಕ್ಕಳ ಗುಂಪಿನಲ್ಲಿ ಇಬ್ಬರು ನೋಡುವವರು, ಒಬ್ಬರು ಕೇಳುವವರು, ಒಬ್ಬರು ಬರೆಯುವವರು, ಒಬ್ಬರು ಸಮಯ ಹಾಗೂ ನಡೆದ ದೂರ ಗುರುತಿಸುವವರು. ದೊಡ್ಡ ಹಿಂಡು ಬಂದರೆ ಹತ್ತು ಹಕ್ಕಿ ಎಣಿಸಿ, ಅಂತಹ ಎಷ್ಟು ಗುಂಪು ಇವೆ ಎಂದು ಅಂದಾಜಿಸಬೇಕು. ಹಾರಿ ಹೋಗಿ ಮತ್ತೆ ಬಂದ ಹಕ್ಕಿಯನ್ನು ಎರಡು ಸಲ ಎಣಿಸಬಾರದು. ಟಿಟ್ಟಿಭ ನೆಲದ ಮೇಲೆಯೇ ಮೊಟ್ಟೆ ಇಡುತ್ತದೆ, ಆದ್ದರಿಂದ ಅದು ಕೂಗುತ್ತ ಮೇಲೆರಗಿದರೆ ಹಿಂದೆ ಸರಿಯಬೇಕು.

ಪೂರ್ಣ ಪಟ್ಟಿ ಏಕೆ?

ಇ-ಬರ್ಡ್ ಕೊನೆಯಲ್ಲಿ ಒಂದು ಪ್ರಶ್ನೆ ಕೇಳುತ್ತದೆ: ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ? ಇದೇ ಗಣತಿಯ ಜೀವಾಳ. ಚಂದದ ಹಕ್ಕಿ ಬರೆದು ಕಾಗೆ, ಪಾರಿವಾಳ ಬಿಟ್ಟರೆ ‘ಇಲ್ಲ’ ಎನ್ನುವುದಕ್ಕೆ ಅರ್ಥ ಉಳಿಯುವುದಿಲ್ಲ. ಎಲ್ಲವನ್ನೂ ಬರೆದಿದ್ದರೆ, ಪಟ್ಟಿಯಲ್ಲಿ ಇಲ್ಲದ ಹಕ್ಕಿ ಆ ಹೊತ್ತಿನಲ್ಲಿ ಕಾಣಲಿಲ್ಲ ಎಂದು ತಿಳಿಯಬಹುದು. ಉದಾಹರಣೆಗೆ, ಒಂದೇ ದಾರಿಯಲ್ಲಿ 20 ಪೂರ್ಣ ಪಟ್ಟಿ ಮಾಡಿದ್ದೇವೆ, 5ರಲ್ಲಿ ನೀಲಕಂಠ ಇದೆ ಎಂದುಕೊಳ್ಳಿ. ಕಂಡ ಪ್ರಮಾಣ ಶೇಕಡ 25. ಮುಂದಿನ ವರ್ಷ ಅದೇ ದಾರಿ, ಅದೇ ಹೊತ್ತು, ಅಷ್ಟೇ ಪಟ್ಟಿಗಳಲ್ಲಿ 3ರಲ್ಲಿ ಮಾತ್ರ ಕಂಡರೆ ಶೇಕಡ 15. ಒಂದು ವರ್ಷದ ಇಳಿಕೆ ಆಕಸ್ಮಿಕವಿರಬಹುದು. ಹಲವು ವರ್ಷ, ಹಲವು ಊರುಗಳಲ್ಲಿ ಹೀಗೆಯೇ ಆದರೆ ಅದು ಎಚ್ಚರಿಕೆ.

ಇದು ಬರೀ ಲೆಕ್ಕದ ಮಾತಲ್ಲ. ಸುಮಾರು 30,000 ಹವ್ಯಾಸಿಗಳು ಕೊಟ್ಟ ಮೂರು ಕೋಟಿ ದಾಖಲೆಗಳ ಆಧಾರದ ಮೇಲೆ 2023ರಲ್ಲಿ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿ ಬಂತು. ಅದು 942 ಪ್ರಭೇದಗಳನ್ನು ಪರಿಶೀಲಿಸಿ 178ನ್ನು ಹೆಚ್ಚಿನ ಕಾಳಜಿ ಬೇಕಾದವು ಎಂದು ಗುರುತಿಸಿತು. ಅವುಗಳಲ್ಲಿ ನೀಲಕಂಠವೂ ಒಂದು. ನೀಲಕಂಠ ನಮ್ಮ ರಾಜ್ಯಪಕ್ಷಿ, ತೆಲಂಗಾಣ ಮತ್ತು ಒಡಿಶಾದ್ದೂ ಹೌದು. ಅದೇ ವರದಿಯಲ್ಲಿ ನವಿಲಿನ ಸಂಖ್ಯೆ ಏರುತ್ತಿದೆ ಎಂದೂ ಇದೆ. ಹೊಲದಲ್ಲಿ ದಿನವೂ ಕಾಣುವ ಹಕ್ಕಿ ಕಡಿಮೆಯಾಗುತ್ತಿದೆಯೇ ಎಂದು ಕಣ್ಣಂದಾಜಿನಲ್ಲಿ ಹೇಳಲಾಗದು, ಎಣಿಸಿದರೆ ಮಾತ್ರ ತಿಳಿಯುತ್ತದೆ.

ಮಕ್ಕಳ ಪ್ರಶ್ನೆ

ನಡಿಗೆಯ ನಂತರದ ಚರ್ಚೆಯಲ್ಲಿ ಒಬ್ಬ ಹುಡುಗ ನೇರವಾಗಿ ಕೇಳಿದ: “ಸರ್, ಹಕ್ಕಿ ಜ್ವಾಳ ತಿಂತಾವ್ರಿ. ನಮ್ಮಪ್ಪ ಕವಣಿ ಬೀಸಂತ ಹೇಳ್ತಾನ, ನೀವು ಎಣಸಂತ ಹೇಳ್ತೀರಿ. ಯಾರ ಮಾತ್ ಕೇಳ್ಬೇಕ್ರಿ?” ಇಂತಹ ಪ್ರಶ್ನೆಯನ್ನು ‘ಹಕ್ಕಿಗಳು ನಮ್ಮ ಮಿತ್ರರು’ ಎಂಬ ವಾಕ್ಯದಿಂದ ಮುಚ್ಚಬಾರದು. ತೆನೆಗೆ ಬೀಳುವ ಹಿಂಡಿನಿಂದ ರೈತನಿಗೆ ನಷ್ಟವಾಗುವುದು ನಿಜ. ಆದ್ದರಿಂದ ಮಕ್ಕಳಿಂದಲೇ ಎರಡು ಕಾಲಂ ಬರೆಸಿದೆ: ಕಾಳು ತಿನ್ನುವವು, ಹುಳ ತಿನ್ನುವವು. ಗಿಳಿ, ಗೀಜಗ, ಬೆಳವ ಮೊದಲನೆಯದಕ್ಕೆ ಹೋದವು. ಕಾಜಾಣ, ನೀಲಕಂಠ, ಬೆಳ್ಳಕ್ಕಿ ಎರಡನೆಯದಕ್ಕೆ. ಗೊರವಂಕವನ್ನು ಎರಡೂ ಕಡೆ ಬರೆಯಬೇಕಾಯಿತು. ಗುಬ್ಬಿಯೂ ಹಾಗೆಯೇ: ತಾನು ಕಾಳು ತಿಂದರೂ ಮರಿಗೆ ಹುಳ ಉಣಿಸುತ್ತದೆ.

ತೊಗರಿಯ ಕಾಯಿಕೊರಕ ಹುಳಕ್ಕೆ ಹೊಲದಲ್ಲಿ ಟಿ ಆಕಾರದ ಕೋಲು ನೆಟ್ಟು ಹಕ್ಕಿ ಕೂಡುವಂತೆ ಮಾಡಿ ಎಂದು ಕೃಷಿ ತಜ್ಞರು ಹೇಳುವುದು ಈ ಎರಡನೆಯ ಕಾಲಂ ನಂಬಿಯೇ. “ನಮ್ ಹೊಲದಾಗ ಆ ಕೋಲ್ ಅದಾವ್ರಿ, ಯಾಕಂತ ಗೊತ್ತಿದ್ದಿಲ್ಲ” ಎಂದಳು ಒಬ್ಬ ಹುಡುಗಿ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಕಲಬುರಗಿ ತೊಗರಿಗೂ ಕಾಜಾಣಕ್ಕೂ ಸಂಬಂಧವಿದೆ ಎಂಬುದು ಆಹಾರ ಸರಪಳಿಯ ಯಾವ ಚಿತ್ರಕ್ಕಿಂತಲೂ ಬೇಗ ಮನಸ್ಸಿಗೆ ಹೋಗುತ್ತದೆ.

ಪಾಠ ಯೋಜನೆಯಲ್ಲಿ ಸ್ಥಾನ

ಐದು ಹಂತಗಳ ಯೋಜನೆಯಲ್ಲಿ ನಡಿಗೆಯನ್ನು ಅನ್ವೇಷಣೆಗೆ, ಎರಡು ಕಾಲಂ ಚರ್ಚೆಯನ್ನು ವಿವರಣೆಗೆ, ಶೇಕಡಾವಾರು ಲೆಕ್ಕ ಹಾಗೂ ಸ್ತಂಭಾಲೇಖವನ್ನು ವಿಸ್ತರಣೆಗೆ ಇಡಬಹುದು. ಗಣಿತ ಶಿಕ್ಷಕರೂ ಜೊತೆಗೂಡಬಹುದು. ಇ-ಬರ್ಡ್‌ನಲ್ಲಿ ಶಿಕ್ಷಕರ ಒಂದೇ ಖಾತೆಯಿಂದ ಪಟ್ಟಿ ಸೇರಿಸಿ, ಮಕ್ಕಳ ಹೆಸರು ಹಾಕದಿರುವುದು ಒಳಿತು. ಮೌಲ್ಯಮಾಪನದಲ್ಲಿ ಹೆಚ್ಚು ಹಕ್ಕಿ ಕಂಡ ಗುಂಪಿಗೆ ಹೆಚ್ಚು ಅಂಕ ಕೊಡಬಾರದು. ಕೊಟ್ಟರೆ ಮುಂದಿನ ಸಲ ಕಾಣದ ಹಕ್ಕಿಯೂ ಪಟ್ಟಿಗೆ ಬರುತ್ತದೆ. ಸಮಯ, ದೂರ, ವಿವರಣೆ ಸರಿಯಾಗಿ ಬರೆದದ್ದಕ್ಕೆ ಅಂಕ ಕೊಡಬೇಕು.

ಬೋಧನಾಭ್ಯಾಸ ಕೆಲವೇ ವಾರಗಳದ್ದು, ಗಣತಿಗೆ ಬೆಲೆ ಬರುವುದು ವರ್ಷಗಳ ಮೇಲೆ. ಆದ್ದರಿಂದ ನಡೆದ ದಾರಿಯ ನಕ್ಷೆ, ಹೊತ್ತು ಮತ್ತು ಪಟ್ಟಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಶಾಲೆಯ ವಿಜ್ಞಾನ ಶಿಕ್ಷಕರಿಗೆ ಒಪ್ಪಿಸಿ ಬರಬೇಕು. ಮುಂದಿನ ವರ್ಷ ಅದೇ ಶಾಲೆಗೆ ಹೋಗುವ ಪ್ರಶಿಕ್ಷಣಾರ್ಥಿ ಮಿತ್ರರು ಅದೇ ದಾರಿಯಲ್ಲಿ ನಡೆದು, ಕೆಳಗಿನ ಪುಟದಿಂದ ಮುಂದುವರಿಸಲಿ.