ಕಿವಿಗೊಂದು ಹೊಸ ಒಡವೆ

ನನ್ನ ಬಳಿ ಈಗ ಎರಡು ಹೆಡ್‌ಫೋನುಗಳಿವೆ. ಮೊದಲನೆಯದು ಕಂಪನಿ ಕೊಟ್ಟದ್ದು. ಹಳದಿ ಬಣ್ಣ, ಒಳಗೆ ಸ್ಪಂಜು. ಅದರಿಂದ ಯಾವ ಹಾಡೂ ಬರುವುದಿಲ್ಲ. ಒಳನಾಡಿನ ತೈಲಕ್ಷೇತ್ರದಲ್ಲಿ ಕಂಪ್ರೆಸರುಗಳ ನಡುವೆ ಕೆಲಸ ಮಾಡುವ ನನ್ನಂಥವರಿಗೆ ಅದು ಹೆಲ್ಮೆಟ್ಟಿನಷ್ಟೇ ಕಡ್ಡಾಯ. ಏನನ್ನೂ ಕೇಳದೆ ಇರುವುದಕ್ಕೆಂದೇ ಹಾಕಿಕೊಳ್ಳುವ ಇಯರ್‌ಮಫ್ ಅದು. ಎರಡನೆಯದು ಮೂರು ವಾರಗಳ ಹಿಂದೆ ನಮ್ಮ ಮನೆಗೆ ಬಂದ ಸೆನ್‌ಹೈಸರ್ ಎಚ್‌ಡಿ 600. ಈ ಲೇಖನ ಅದರ ಬಗ್ಗೆ.

ಬೆಲೆಯನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಓದುಗರ ಮನಸ್ಸು ಅಲ್ಲೇ ಇರುತ್ತದೆ. ನೂರು ರಿಯಾಲಿಗೂ ಮೇಲೆ. ಊರಿನ ಲೆಕ್ಕದಲ್ಲಿ ಇಪ್ಪತ್ತು ಸಾವಿರ ರೂಪಾಯಿ ದಾಟುತ್ತದೆ. ಒಮಾನಿಗೆ ಬಂದು ಎಷ್ಟು ವರ್ಷವಾದರೂ ನಾವು ರಿಯಾಲನ್ನು ರೂಪಾಯಿಗೆ ತಿರುಗಿಸಿ ನೋಡುವ ಚಟ ಬಿಡುವುದಿಲ್ಲ ನೋಡಿ. ನಮ್ಮವಳು ಮೈಸೂರಿನವಳು, ದನಿ ಏರಿಸುವವಳಲ್ಲ. ಡಬ್ಬವನ್ನು ತಿರುಗಿಸಿ ನೋಡಿ, "ಏನೂಂದ್ರೆ, ಇಷ್ಟು ದುಡ್ಡು ಹಾಕಿ ಕಿವಿಗೆ ಏನಾದ್ರೂ ತರೋದೇ ಆಗಿದ್ರೆ ಚಿನ್ನದ ಅಂಗಡಿ ಕಡೆ ಹೋಗ್ಬಹುದಿತ್ತಲ್ಲ?" ಎಂದಳು. ಅಷ್ಟೇ.

ಅಂಗಡಿಯ ಮಲಯಾಳಿ ಹುಡುಗನಿಗೂ ಅನುಮಾನ. "ಸಾರ್, ಇದರಲ್ಲಿ ಬ್ಲೂಟೂತ್ ಇಲ್ಲ, ನಾಯ್ಸ್ ಕ್ಯಾನ್ಸಲಿಂಗ್ ಇಲ್ಲ, ಮೈಕ್ ಇಲ್ಲ, ವೈರ್ ಮೂರು ಮೀಟರ್" ಎಂದು ಒಂದೊಂದಾಗಿ ಎಣಿಸಿದ. ಮಾರುವವನೇ ಬೇಡವೆನ್ನುವಂಥ ವಸ್ತುವನ್ನು ನಾನು ಕೊಂಡದ್ದು ಅದೇ ಮೊದಲು. ಅವನೆಂದದ್ದೆಲ್ಲ ನಿಜವೇ. ಈ ಮಾದರಿ ಮಾರುಕಟ್ಟೆಗೆ ಬಂದದ್ದು 1997ರಲ್ಲಿ. ಮೊಬೈಲುಗಳು ಎಷ್ಟು ತಲೆಮಾರು ಹುಟ್ಟಿ ಸತ್ತವೋ, ಇದು ಹೆಚ್ಚು ಬದಲಾಗದೆ ಹಾಗೇ ನಡೆದುಕೊಂಡು ಬಂದಿದೆ. ತೂಕ 260 ಗ್ರಾಂ. ವೈರು ಬೇರೆ, ಕಿವಿಯ ಮೆತ್ತೆ ಬೇರೆ, ಜಾಲರಿ ಬೇರೆ. ಹಳೆಯದಾದ ಭಾಗವನ್ನು ಕೈಯಲ್ಲೇ ಬಿಚ್ಚಿ ಹೊಸದು ಹಾಕಬಹುದು. ಪಂಪ್ ಸ್ಟೋವಿನ ಕಾಲದ ಮನುಷ್ಯನಾದ ನನಗೆ ಇದು ಬಹಳ ಹಿಡಿಸಿತು. ಇದಕ್ಕಿಂತ ಹತ್ತು ಪಟ್ಟು ಬೆಲೆಯವೂ ಇವೆಯಂತೆ. ಶ್ರೀಮಂತ ಹೆಡ್‌ಫೋನುಗಳ ಊರಿನಲ್ಲಿ ನನ್ನದು ಅಗಸೆ ಬಾಗಿಲ ಹತ್ತಿರದ ಮನೆ ಅನ್ನಿ.

ಕಿವಿಗೆ ಕಟ್ಟಿಕೊಂಡು ಕೇಳುವ ಈ ಪದ್ಧತಿ ಎಲ್ಲಿಂದ ಬಂತು? ಅಮೆರಿಕದ ಯೂಟಾ ಸೀಮೆಯ ನಥಾನಿಯಲ್ ಬಾಲ್ಡ್ವಿನ್ ಎಂಬಾತ ತನ್ನ ಅಡುಗೆಮನೆಯಲ್ಲಿ ಹೆಡ್‌ಫೋನುಗಳನ್ನು ತಯಾರಿಸಿ 1910ರಲ್ಲಿ ಅಲ್ಲಿನ ನೌಕಾಪಡೆಗೆ ಮಾರಿದ. ಸಂಗೀತಕ್ಕೆಂದು ಸ್ಟೀರಿಯೋ ಹೆಡ್‌ಫೋನ್ ಬಂದದ್ದು 1958ರಲ್ಲಿ, ಕಾಸ್ ಅವರಿಂದ. 1979ರಲ್ಲಿ ಸೋನಿ ವಾಕ್‌ಮನ್ ಬಂತು. ಅಲ್ಲಿಂದ ಮುಂದಿನ ಕಥೆ ನಮ್ಮ ಓದುಗರಿಗೆ ಗೊತ್ತೇ ಇದೆ. ಗಲ್ಫಿನಿಂದ ರಜೆಗೆ ಬಂದವರ ಸೂಟ್‌ಕೇಸಿನಲ್ಲಿ ಅತ್ತರು, ಹಾಲಿನ ಪುಡಿ, ಟೂ-ಇನ್-ವನ್, ಅದರ ಸಂದಿಯಲ್ಲೊಂದು ವಾಕ್‌ಮನ್. ಧಾರವಾಡದ ನಮ್ಮ ಓಣಿಯಲ್ಲಿ ಅದನ್ನು ಹಾಕಿಕೊಂಡು ನಡೆದ ಮೊದಲ ಹುಡುಗನನ್ನು ಹಿರಿಯರು "ಪಾಪ, ಕಿವಿ ಏನಾಗೇತಿ?" ಎಂದು ವಿಚಾರಿಸಿದ್ದರು.

ಎಚ್‌ಡಿ 600ರ ಹಿಂಬದಿ ಮುಚ್ಚಿಲ್ಲ, ಬರೀ ಜಾಲರಿ. ಇದಕ್ಕೆ ಓಪನ್-ಬ್ಯಾಕ್ ಎನ್ನುತ್ತಾರೆ. ಇದೇ ಕಂಪನಿ 1968ರಲ್ಲಿ ಎಚ್‌ಡಿ 414 ಎಂಬ ಮಾದರಿಯಿಂದ ಇದನ್ನು ಜನಪ್ರಿಯ ಮಾಡಿತು. ಮುಚ್ಚಿದ ಹೆಡ್‌ಫೋನಿನಲ್ಲಿ ಕೇಳುವುದು ಕದ ಹಾಕಿದ ಕೋಣೆಯಲ್ಲಿ ಕೂತು ಹಾಡಿದಂತೆ. ಸದ್ದು ಗೋಡೆಗೆ ಬಡಿದು ತಿರುಗಿ ಬರುತ್ತದೆ. ಇದು ಜಗಲಿಯ ಮೇಲೆ ಕೂತು ಹಾಡಿದಂತೆ. ದನಿ ತಲೆಯೊಳಗೆ ಮೊಳೆ ಹೊಡೆದಂತೆ ಇರದೆ ಆಚೀಚೆ ಓಡಾಡುತ್ತದೆ. ಆದರೆ ಜಗಲಿಯ ತೊಂದರೆಯೂ ಜೊತೆಗೇ ಇದೆಯಲ್ಲ! ಒಳಗಿನ ಹಾಡು ಹೊರಗಿನವರಿಗೆ ಸಣ್ಣಗೆ ಕೇಳುತ್ತದೆ, ಹೊರಗಿನ ಸದ್ದು ಒಳಗೆ ಬರುತ್ತದೆ. ಮಸ್ಕತ್ತಿನಲ್ಲಿ ಹೊರಗಿನ ಸದ್ದೆಂದರೆ ಮುಖ್ಯವಾಗಿ ಏ.ಸಿ. ಏಪ್ರಿಲಿನಿಂದ ಅಕ್ಟೋಬರ್ ತನಕ ಹಗಲಿರುಳು ಗುಂಯ್‌ಗುಡುವ ಅದನ್ನು ನಾವು ಸದ್ದೆಂದೇ ಮರೆತಿರುತ್ತೇವೆ. ತಂಬೂರಿ ಕೇಳಲು ಕೂತಾಗ ನೆನಪಾಗುತ್ತದೆ, ಅದು ಷಡ್ಜಕ್ಕೆ ಸೇರದ ಇನ್ನೊಂದು ಶ್ರುತಿ ಹಿಡಿದು ಕೂತಿದೆ ಎಂದು. ಹೀಗಾಗಿ ಈಗ ರಾತ್ರಿ ಹತ್ತರ ಮೇಲೆ ಏ.ಸಿ. ಆರಿಸಿ ಕೇಳುತ್ತೇನೆ. ಸುಮಾರು ಇಪ್ಪತ್ತು ನಿಮಿಷ ಸಿಗುತ್ತದೆ. ವಿಲಂಬಿತ ಮುಗಿದು ದ್ರುತ್ ಶುರುವಾಗುವ ಹೊತ್ತಿಗೆ ಹಣೆಯಿಂದ ಬೆವರು ಇಳಿದು ಮಖಮಲ್ಲಿನ ಮೆತ್ತೆ ಒದ್ದೆ. ಒಮಾನಿನಲ್ಲಿ ರಾಗದ ಉದ್ದವನ್ನು ನಿರ್ಧರಿಸುವುದು ಘರಾಣೆಯಲ್ಲ, ಹವಾಮಾನ.

ಇನ್ನೊಂದು ತಾಂತ್ರಿಕ ಮಾತು. ಇದರ ಇಂಪಿಡೆನ್ಸ್ 300 ಓಮ್. ಮನೆಯ ಮೇಲಿನ ನೀರಿನ ಟ್ಯಾಂಕಿಗೆ ಹೋಲಿಸಿದರೆ, ಇದು ಸಣ್ಣ ಕೊಳಾಯಿ. ನೀರು ಕಡಿಮೆ ಸಾಕು, ಒತ್ತಡ ಮಾತ್ರ ಹೆಚ್ಚು ಬೇಕು. ಮೊಬೈಲಿಗೆ ನೇರವಾಗಿ ಚುಚ್ಚಿದರೆ ಹಾಡುಗಾರ ಉಪವಾಸವಿದ್ದಂತೆ ಹಾಡುತ್ತಾನೆ. ಅದಕ್ಕೆಂದು ಬೆಂಕಿಪೊಟ್ಟಣದ ಪೊಟ್ಟಣದಷ್ಟು ದೊಡ್ಡ ಆಂಪ್ಲಿಫೈಯರ್ ಬೇರೆ ತರಬೇಕಾಯಿತು. ಅದರ ಬೆಲೆಯನ್ನು ಮನೆಯಲ್ಲಿ ಹೇಳಿಲ್ಲ. ಇಲ್ಲೂ ಹೇಳುವುದಿಲ್ಲ, ಈ ಸಂಚಿಕೆ ಮನೆಗೆ ಬರುತ್ತದೆ.

ಮೊದಲು ಹಾಕಿದ್ದು ಮಲ್ಲಿಕಾರ್ಜುನ ಮನಸೂರರ ಒಂದು ಹಳೆಯ ಆಕಾಶವಾಣಿ ಧ್ವನಿಮುದ್ರಣ. ಧಾರವಾಡದವನಿಗೆ ಬೇರೆ ಆಯ್ಕೆ ಎಲ್ಲಿದೆ? ಧಾರವಾಡ ಆಕಾಶವಾಣಿ ಕೇಂದ್ರ 1950ರಲ್ಲಿ ಆರಂಭವಾದದ್ದು. ಮನಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದವರು. ಈ ದನಿಯನ್ನು ನಾನು ರೇಡಿಯೋದಲ್ಲಿ, ಕ್ಯಾಸೆಟ್ಟಿನಲ್ಲಿ, ಕಾರಿನಲ್ಲಿ ನೂರಾರು ಸಲ ಕೇಳಿದ್ದೇನೆ. ಈಗ ಹಾಡುಗಾರರಿಗಿಂತ ಮೊದಲು ಕೇಳಿದ್ದು ಹಿಂದಿನ ತಂಬೂರಿ. ಅದೂ ಒಟ್ಟು ಝೇಂಕಾರವಾಗಿ ಅಲ್ಲ, ಒಂದೊಂದು ತಂತಿ ಬಿಡಿಬಿಡಿಯಾಗಿ. ಆಮೇಲೆ ಉಸಿರು. ಉದ್ದದ ತಾನು ಸುತ್ತಿ ಸುತ್ತಿ ಬಂದು ಸಮ್‌ಗೆ ಇಳಿಯುವ ಮುಂಚೆ ಆ ಮನುಷ್ಯ ಎಲ್ಲಿ ಉಸಿರು ತೆಗೆದುಕೊಂಡರು ಎಂಬುದು ನನಗೆ ಇಷ್ಟು ವರ್ಷ ಒಗಟಾಗಿತ್ತು. ತೆಗೆದುಕೊಳ್ಳುತ್ತಾರೆ, ಸಣ್ಣಗೆ, ಕದ್ದಂತೆ. ಒಂದು ಕಡೆ ದೂರದಿಂದ ಯಾರೋ "ವಾಹ್" ಎಂದದ್ದೂ ಕೇಳಿತು.

ನಮ್ಮವಳ ಆಯ್ಕೆ ದೊರೆಸ್ವಾಮಿ ಅಯ್ಯಂಗಾರರ ವೀಣೆ. ಕೊಟ್ಟೆ. ಕಣ್ಣು ಮುಚ್ಚಿ ಕೂತವಳು ಐದು ನಿಮಿಷ ಮಾತಾಡಲಿಲ್ಲ. ಆಮೇಲೆ, "ತಂತಿ ಮೇಲೆ ಬೆರಳು ಜಾರೋ ಸದ್ದೂ ಕೇಳುತ್ತೆ ಕಣ್ರೀ" ಎಂದಳು. ಚಿನ್ನದ ಅಂಗಡಿಯ ಪ್ರಸ್ತಾಪ ಅಂದಿಗೆ ನಿಂತಿತು.

ಆದರೆ ಒಳ್ಳೆಯ ಹೆಡ್‌ಫೋನ್ ಎಲ್ಲ ಹಾಡನ್ನೂ ಒಳ್ಳೆಯದು ಮಾಡುತ್ತದೆ ಎಂದುಕೊಳ್ಳಬೇಡಿ. ನಮ್ಮ ಬಳಗದ ಅರ್ಧ ಮನೆಗಳಲ್ಲಿ 'ಹಳೇ ಹಾಡುಗಳು' ಎಂಬ ಪೆನ್‌ಡ್ರೈವ್ ಇದೆಯಲ್ಲ, ಒಬ್ಬರಿಂದ ಒಬ್ಬರಿಗೆ ನಕಲಾಗಿ ಬಂದದ್ದು, ಅದನ್ನು ಇದರಲ್ಲಿ ಕೇಳುವುದು ಶಿಕ್ಷೆ. ಹಿಂಡಿ ಹಿಂಡಿ ಚಿಕ್ಕದು ಮಾಡಿದ ಎಂಪಿ3ಯಲ್ಲಿ ತಾಳದ ಸದ್ದು ನೀರಿನೊಳಗೆ ಮುಳುಗಿ ಬಾರಿಸಿದಂತಿದೆ. 1978ರಲ್ಲಿ ಬಂದ ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಹೆಸರಾದ 'ನಿತ್ಯೋತ್ಸವ'ದ ನನ್ನ ಪ್ರತಿಯೂ ಅದರಲ್ಲೇ ಇತ್ತು. ಮೈಸೂರು ಅನಂತಸ್ವಾಮಿಯವರಿಗೆ ಹೀಗಾಗಬಾರದೆಂದು ಅದನ್ನು ಹೊಸದಾಗಿ ಕೊಂಡು ಕೇಳಿದೆ. ಇನ್ನು ಮಗಳ ದೂರು ಬೇರೆ: "ಅಪ್ಪಾ, ಬೇಸ್ ಎಲ್ಲಿ?" ಹಿಂಬದಿ ತೆರೆದ ಹೆಡ್‌ಫೋನುಗಳಲ್ಲಿ ಎದೆ ನಡುಗಿಸುವ ತಳದ ಸದ್ದು ಸ್ವಲ್ಪ ಕಡಿಮೆಯೇ. ಈಗಿನ ಸಿನಿಮಾ ಹಾಡುಗಳಿಗೆ ಅವಳ ಅಗ್ಗದ ಇಯರ್‌ಬಡ್ಡೇ ವಾಸಿ ಎಂದು ತೀರ್ಪಾಯಿತು.

ಎರಡನೆಯ ವಾರ ಒಂದು ಸಂಗತಿ ಗಮನಕ್ಕೆ ಬಂತು. ಹಳೆಯ ಧ್ವನಿಮುದ್ರಣಗಳು ಮೋನೋ. ಎರಡೂ ಕಿವಿಗೆ ಒಂದೇ ಸದ್ದು ಬರುವುದರಿಂದ ಹಾಡುಗಾರರು ಸರಿಯಾಗಿ ನಡುನೆತ್ತಿಯಲ್ಲಿ ಕೂರಬೇಕು. ಮನಸೂರರ ದನಿ ಅಲ್ಲೇ ಇತ್ತು. ತಂಬೂರಿಯ ಮೇಲಿನ ಮಿರುಗು ಮಾತ್ರ ಸ್ವಲ್ಪ ಬಲಕ್ಕೆ ವಾಲಿತ್ತು. ಹೆಡ್‌ಫೋನ್ ತಿರುಗಿಸಿ ಎಡದ್ದನ್ನು ಬಲಕ್ಕೆ ಹಾಕಿಕೊಂಡೆ. ದೋಷ ಯಂತ್ರದ್ದಾಗಿದ್ದರೆ ಮಿರುಗು ಈಗ ಎಡಕ್ಕೆ ಹೋಗಬೇಕು. ಹೋಗಲಿಲ್ಲ. ಬಲಕ್ಕೇ ಇತ್ತು.

ಪ್ರತಿವರ್ಷ ನಮಗೆ ಕಿವಿಯ ಪರೀಕ್ಷೆ ಮಾಡಿ ಆಡಿಯೋಗ್ರಾಮ್ ಎಂಬ ಹಾಳೆ ಕೊಡುತ್ತಾರೆ. ಅದರಲ್ಲಿ ನನ್ನ ಎಡಗಿವಿಯ ಗೆರೆ 4000 ಹರ್ಟ್ಸ್ ಹತ್ತಿರ ಗುಂಡಿಗೆ ಇಳಿದು ಮತ್ತೆ ಮೇಲೆ ಬರುತ್ತದೆ. ದೊಡ್ಡ ಸದ್ದಿನ ನಡುವೆ ವರ್ಷಗಟ್ಟಲೆ ದುಡಿದವರಲ್ಲಿ ಸಾಮಾನ್ಯವಾಗಿ ಕಾಣುವ ಗುಂಡಿ ಇದು. ಒಳಗಿವಿಯ ಸೂಕ್ಷ್ಮ ಕೂದಲ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಡಾಕ್ಟರು ವಿವರಿಸಿದ್ದರು, ನಾನು ತಲೆಯಾಡಿಸಿ ಹಾಳೆಯನ್ನು ಫೈಲಿಗೆ ಸೇರಿಸಿದ್ದೆ. ಹಾಳೆಯ ಮೇಲಿನ ಗೆರೆ ಕೇಳಿಸುವುದಿಲ್ಲವಲ್ಲ. ಈಗ ಅದು ಎಲ್ಲಿದೆ, ಎಷ್ಟಿದೆ ಎಂಬುದು ಒಂದು ತಂಬೂರಿಯಿಂದ ತಿಳಿಯಿತು.

ಮಗಳು ಇದನ್ನೊಂದು ಆಟ ಮಾಡಿದಳು. ಕಂಪ್ಯೂಟರಿನಲ್ಲಿ ಒಂದೇ ಸ್ವರವನ್ನು ಏರಿಸುತ್ತಾ ಹೋಗುವುದು, ಕೇಳಿಸುವುದು ನಿಂತಾಗ ಕೈ ಎತ್ತುವುದು. ಅವಳು ಹದಿನೇಳು ಸಾವಿರ ಹರ್ಟ್ಸ್ ತನಕ ಹೋದಳು. ಅವಳಮ್ಮ ಹದಿಮೂರು ಸಾವಿರ. ನಾನು ಹತ್ತು ಸಾವಿರ ದಾಟಿದ ಸ್ವಲ್ಪ ಹೊತ್ತಿಗೇ ಕೈ ಎತ್ತಿದೆ. ಡಬ್ಬದ ಮೇಲೆ ಬರೆದಿರುವ ಮೇಲ್ಮಿತಿ ಮನುಷ್ಯನ ಕಿವಿಗೆ ಎಟಕುವುದರ ಸುಮಾರು ಎರಡು ಪಟ್ಟು. ಅಂದರೆ ನಾನು ಕೊಟ್ಟ ರಿಯಾಲಿನಲ್ಲಿ ಮುಕ್ಕಾಲು ಪಾಲು ಬಾವಲಿಗಳಿಗೆ! "ಅದಕ್ಕೇ ನಾನು ಅಡುಗೆಮನೆಯಿಂದ ಕರೆದದ್ದು ಕೇಳಿಸಲ್ಲ" ಎಂದು ನಮ್ಮವಳು ಸಮಾಧಾನ ಪಟ್ಟುಕೊಂಡಳು. ಅದಕ್ಕೆ ಕಾರಣ ಬೇರೆ, ಆದರೆ ಸಿಕ್ಕ ವೈದ್ಯಕೀಯ ಸಾಕ್ಷ್ಯವನ್ನು ಯಾವ ಗಂಡನೂ ಬಿಟ್ಟುಕೊಡುವುದಿಲ್ಲ.

ಆ ಶುಕ್ರವಾರ ಇನ್ನೊಂದನ್ನು ಕೇಳಿದೆವು. 1998ರಲ್ಲಿ ಮೊದಲ ರಜೆಗೆ ಹೋದಾಗ ಒಯ್ದಿದ್ದ ಟೂ-ಇನ್-ವನ್‌ನಲ್ಲಿ ನಮ್ಮವ್ವ ಹಾಡಿದ ಪಂಚಮಿ ಹಬ್ಬದ ಹಾಡು, ಸೋಬಾನ ಪದ ಎಲ್ಲ ತುಂಬಿಸಿಕೊಂಡು ಬಂದಿದ್ದೆ. ಅವ್ವ ಈಗಿಲ್ಲ. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ ವರ್ಷಗಳಾಗಿದ್ದರೂ ಸರಿಯಾಗಿ ಕೂತು ಕೇಳಿರಲಿಲ್ಲ. ಅವ್ವನ ದನಿ ಹತ್ತಿರದಿಂದ ಬಂತು, ನಡುವೆ ಗೋಡೆ ಗಡಿಯಾರ, ಹೊರಗೆ ಸೈಕಲ್ ಬೆಲ್ಲು. ಒಂದು ಸಾಲು ಮರೆತು, "ತಡಿಯಪಾ" ಎಂದು ನಕ್ಕದ್ದೂ ಇದೆ. ಅವಳ ನಗು ಹೀಗಿತ್ತೆಂದು ಮರೆತೇಹೋಗಿತ್ತು.

ಆಮೇಲೆ ಮಗಳು ಹಾಕಿಕೊಂಡಳು. ಅಜ್ಜಿಯನ್ನು ಅವಳು ನೋಡಿದ್ದು ತೀರಾ ಚಿಕ್ಕವಳಿದ್ದಾಗ. ಸ್ವಲ್ಪ ಹೊತ್ತು ಕೇಳಿ, "ಅಪ್ಪಾ, ಹಿಸ್ ತುಂಬಾ ಇದೆ" ಎಂದಳು. ನನಗೆ ಅಷ್ಟೇನೂ ಅನ್ನಿಸಿರಲಿಲ್ಲ. ಮತ್ತೆ, "ಅಜ್ಜಿ ಬಳೆ ಸೌಂಡ್ ಎಷ್ಟು ಚೆನ್ನಾಗಿ ಕೇಳಿಸ್ತಾ ಇದೆ!" ಎಂದಳು.

ಬಳೆ? ನನ್ನ ಕಿವಿಗೆ ಯಾವ ಬಳೆಯೂ ಬಿದ್ದಿರಲಿಲ್ಲ. ಕಸಿದುಕೊಂಡಂತೆ ತೆಗೆದುಕೊಂಡು ಮತ್ತೆ ಹಾಕಿದೆ. ಅವಳು ಬೆರಳೆತ್ತಿ "ಈಗ... ಈಗ..." ಎಂದು ತೋರಿಸುತ್ತಾ ಹೋದಳು. ಎಡಗಿವಿಗೆ ಇಲ್ಲ. ಬಲಗಿವಿಗೆ, ಎಲ್ಲಿ ಕೇಳಬೇಕೆಂದು ಗೊತ್ತಾದ ಮೇಲೆ, ತೀರಾ ಸಣ್ಣಗೆ ಸಿಕ್ಕಿತು. ಅವ್ವ ತೊಡೆಯ ಮೇಲೆ ತಾಳ ಹಾಕುತ್ತಿದ್ದಾಳೆ, ಹಸಿರು ಗಾಜಿನ ಬಳೆ. ಆ ಕ್ಯಾಸೆಟ್ಟನ್ನು ಈಗ ನಾವಿಬ್ಬರೂ ಕೂಡಿ ಕೇಳುತ್ತೇವೆ. ಶಬ್ದಗಳ ಅರ್ಥ ನಾನು ಹೇಳುತ್ತೇನೆ, ಬಳೆ ಅವಳು ಹೇಳುತ್ತಾಳೆ.

ಮನೆಯಲ್ಲಿ ಮಕ್ಕಳಿರುವವರಿಗೆ ಒಂದು ಲೆಕ್ಕ ತಿಳಿಸುವುದು ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು ವಾರಕ್ಕೆ 40 ಗಂಟೆ 80 ಡೆಸಿಬಲ್ ತನಕ ಕೇಳಬಹುದು, ಮಕ್ಕಳಿಗೆ 75. ಅದರ ಮೇಲೆ ಪ್ರತಿ 3 ಡೆಸಿಬಲ್ಲಿಗೆ ಸಮಯ ಅರ್ಧವಾಗುತ್ತಾ ಹೋಗುತ್ತದೆ. 83ಕ್ಕೆ 20 ಗಂಟೆ, 86ಕ್ಕೆ ಹತ್ತೇ ಗಂಟೆ. ಸ್ಕೂಲ್ ಬಸ್ಸಿನ ಗದ್ದಲದ ಮೇಲೆ ಕೇಳಿಸಬೇಕೆಂದು ಮಕ್ಕಳು ಸದ್ದು ಏರಿಸುವುದೇ ಅಪಾಯ. ಈ ವಿಷಯದಲ್ಲಿ ಮಾತ್ರ ನಾಯ್ಸ್ ಕ್ಯಾನ್ಸಲಿಂಗ್ ಮೆಚ್ಚಿದ ಅಂಗಡಿ ಹುಡುಗನದೇ ಸರಿ. ನಮ್ಮ ಆಂಪ್ಲಿಫೈಯರಿನ ಗುಂಡಿಗೆ ನಮ್ಮವಳು ಕೆಂಪು ನೇಲ್ ಪಾಲಿಶಿನಿಂದ ಒಂದು ಚುಕ್ಕೆ ಇಟ್ಟಿದ್ದಾಳೆ. ಅದನ್ನು ದಾಟುವ ಹಕ್ಕು ನನಗೂ ಇಲ್ಲ, ಮಗಳಿಗೂ ಇಲ್ಲ.

ಮುಂದಿನ ಹದಿನಾಲ್ಕು ದಿನ ನಾನು ಒಳನಾಡಿನಲ್ಲಿ, ಹಳದಿ ಇಯರ್‌ಮಫ್ ಜೊತೆ. ಹಬ್ಬದ ಹೊತ್ತಿಗೆ ಮಸ್ಕತ್ತಿನಲ್ಲಿರುತ್ತೇನೆ. ಬನ್ನಿ, ನಿಮ್ಮ ಊರಿನ ಹಳೆಯ ಕ್ಯಾಸೆಟ್ ಇದ್ದರೆ ತನ್ನಿ, ಕಂಪ್ಯೂಟರಿಗೆ ಇಳಿಸಿಕೊಡುವ ವ್ಯವಸ್ಥೆ ಇದೆ. ಚಹಾ, ಅವಲಕ್ಕಿ ಕೊಡುತ್ತೇವೆ. ಏ.ಸಿ. ಮಾತ್ರ ಇಪ್ಪತ್ತು ನಿಮಿಷ ಆರಿಸುತ್ತೇನೆ, ಕೈಯಲ್ಲೊಂದು ಟವೆಲ್ ಇರಲಿ.